ಒಣಗುತ್ತಾ, ಇಲ್ವಾ? ನಮ್ಮ ಮಳೆಯಲ್ಲಿ ಮಗುವಿನ ಊಟದ ಸಾಮಾನು

ಮಗಳು ಹುಟ್ಟಿದ್ದು ಡಿಸೆಂಬರ್‌ನಲ್ಲಿ, ಅರೇಬಿಕಾ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ. ಆರು ತಿಂಗಳು ತುಂಬಿ ರಾಗಿ ಸರಿ ಶುರು ಮಾಡುವ ಹೊತ್ತಿಗೆ ಸರಿಯಾಗಿ ಜೂನ್ ಬಂತು. ಕೊಡಗಿನ ಶಾಂತಳ್ಳಿ ಕಡೆಯ ಜೂನ್ ಅಂದರೆ ಬಿಡದ ಮಳೆ, ಸೋಮವಾರಪೇಟೆಯವರಿಗೆ ಹೇಳಬೇಕಿಲ್ಲ. ಸಾಮಾನು ಕೊಳ್ಳುವಾಗ ಬಣ್ಣ ನೋಡಿದೆ, ಬೆಲೆ ನೋಡಿದೆ, ಯಾರ‍್ಯಾರು ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಅಂತಲೂ ನೋಡಿದೆ. ತೊಳೆದ ಮೇಲೆ ಒಣಗುತ್ತಾ ಅಂತ ಮಾತ್ರ ಯೋಚಿಸಲಿಲ್ಲ.

ಮೊದಲು ಬಿಬ್, ಉಣ್ಣಿಸುವಾಗ ಮಗುವಿನ ಕೊರಳಿಗೆ ಕಟ್ಟುತ್ತಾರಲ್ಲ, ಅದು. ಆಸೆಪಟ್ಟು ಬಟ್ಟೆಯದು ಆರು ತಂದಿದ್ದೆ. ದಿನಕ್ಕೆ ಮೂರು ಬೇಕು, ಒಂದು ಒಣಗಲು ಎರಡು ದಿನ. ಬೇರೆ ದಾರಿ ಕಾಣದೆ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆ. ಒಣಗಿದವು ನಿಜ, ಆದರೆ ಹೊಗೆ ವಾಸನೆ. "ಕೂಸಿನ ಮೈಯೆಲ್ಲ ಅಟ್ಟದಲ್ಲಿ ಒಣಗಿಸಿದ ಮಾಂಸದ ವಾಸನೆ ಕಣೇ" ಅಂದರು ಅತ್ತೆ. ಮಾರನೇ ದಿನ ಪೇಟೆಗೆ ಹೋಗಿ ಸಿಲಿಕೋನ್ ಬಿಬ್ ತಂದೆ, ಕೆಳಗೆ ಜೇಬಿನ ಹಾಗಿರುತ್ತಲ್ಲ, ಅದು. ಇನ್ನೂರು ರೂಪಾಯಿಯ ಒಳಗೇ ಸಿಕ್ಕಿತು. ಬಾಯಿಂದ ಜಾರಿದ ಸರಿಯೆಲ್ಲ ಜೇಬಿಗೆ ಬೀಳುತ್ತೆ. ನಲ್ಲಿ ಕೆಳಗೆ ಹಿಡಿದು ಒಂದು ಸಲ ಒರೆಸಿದರೆ ಮುಗೀತು. ಕೊಳ್ಳುವಾಗ ಕೈಯಲ್ಲಿ ಮಡಚಿ ನೋಡಿ. ಗಟ್ಟಿ ಇದ್ದರೆ ಗಲ್ಲದ ಕೆಳಗೆ ಒತ್ತುತ್ತೆ, ಮಗು ಅಳುತ್ತೆ. ಇದಕ್ಕೂ ಒಂದು ದೋಷ ಇದೆ: ಅರಿಶಿನ, ಕ್ಯಾರೆಟ್ ಕಲೆ ಹೋಗಲ್ಲ. ಬಿಸಿಲಿಗೆ ಇಟ್ಟರೆ ಹೋಗುತ್ತೆ ಅಂತಾರೆ. ಬಿಸಿಲಂತೆ! ಸೆಪ್ಟೆಂಬರ್ ಬಂದರೂ ನಮ್ಮದು ಹಳದಿಯಾಗೇ ಇದೆ.

ಮೂತಿ ಇರುವ ಸಿಪ್ಪರ್ ಕಪ್ ಮಾತ್ರ ಯಾರೂ ತರಬೇಡಿ. ಬಾಟಲಿ ಬೇಡ, ಎದೆಹಾಲಿನ ಜೊತೆ ನೇರ ಲೋಟವನ್ನೇ ಅಭ್ಯಾಸ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದರು. ನಮ್ಮ ದೇಶದಲ್ಲಿ ಫೀಡಿಂಗ್ ಬಾಟಲಿಗೆ ಜಾಹೀರಾತು ಕೊಡುವುದಕ್ಕೇ 1992ರ ಕಾನೂನಿನಲ್ಲಿ ನಿಷೇಧ ಇದೆ. ನಾನು ಜಾಣತನ ಮಾಡಿ, ಲೋಟಕ್ಕೂ ಬಾಟಲಿಗೂ ನಡುವೆ ಇರಲಿ ಅಂತ ಸಿಪ್ಪರ್ ತಂದೆ. ಚೆಲ್ಲದಿರಲಿ ಅಂತ ಅದರ ಮುಚ್ಚಳದ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತೆ. ಮೂರನೇ ವಾರ ಏನೋ ಹುಳಿ ವಾಸನೆ. ಹೇರ್‌ಪಿನ್‌ನಲ್ಲಿ ವಾಲ್ವ್ ಎಬ್ಬಿಸಿ ನೋಡಿದರೆ ಅಂಚಿನ ಸುತ್ತ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು, ಬೂಷ್ಟು. ದಿನಾ ಕುದಿಯುವ ನೀರಲ್ಲಿ ತೊಳೆದಿದ್ದೆ ನಾನು! ಅವತ್ತೇ ಎಸೆದೆ.

ಅಮ್ಮ ತಂದ ಒಳಲೆ ಇತ್ತು, ಮಗುವಿಗೆ ಕುಡಿಸುವ ಮೂತಿಯ ಪುಟ್ಟ ಬಟ್ಟಲು. ಔಷಧಿ ಹಾಕಲು ಈಗಲೂ ಅದೇ. ನೀರಿಗೆ ಮಾತ್ರ ಚಿಕ್ಕ ಸ್ಟೀಲ್ ಲೋಟವೇ ವಾಸಿ. ತಳದಲ್ಲಿ ಎರಡು ಗುಟುಕು ನೀರು ಹಾಕಿ ತುಟಿಗೆ ಹಿಡಿದರೆ ಸಾಕು. ಮೊದಲ ವಾರ ಅರ್ಧ ನೀರು ಹೊಟ್ಟೆ ಮೇಲೆ ಹೋಗುತ್ತೆ, ಹೋಗಲಿ.

ಚಮಚದ ವಿಷಯದಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮೆತ್ತನೆ ತುದಿಯ ಸಿಲಿಕೋನ್ ಚಮಚ ಚೆನ್ನಾಗಿದೆ, ಆದರೆ ಸೋಪಿನ ವಾಸನೆ ಹೀರುತ್ತೆ. ಬಿಸಿನೀರಲ್ಲೇ ತೊಳೆಯಿರಿ. ಬೆಳ್ಳಿ ಚಮಚದ್ದು ಬೇರೆಯೇ ಕಷ್ಟ. ಅದು ಕಂಡರೆ ಸಾಕು, ಮನೆಗೆ ಬಂದವರೆಲ್ಲ "ನಮ್ಮ ಕೊಡಗಿನ ಜೇನು, ಒಂದು ತೊಟ್ಟು ನೆಕ್ಕಿಸು" ಅಂತಾರೆ. ಒಂದು ವರ್ಷ ತುಂಬುವ ತನಕ ಜೇನು ಕೊಡಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣ ಪುಟ್ಟ ಮಗುವಿನ ಹೊಟ್ಟೆಯಲ್ಲಿ ವಿಷ ಮಾಡಬಹುದು. ನಾನು ಚಮಚವನ್ನೇ ಬೀರುವಿಗೆ ಸೇರಿಸಿದೆ.

ಮಗುವನ್ನು ಕೂರಿಸಿ ಉಣ್ಣಿಸುವ ಕುರ್ಚಿ ಬೆಂಗಳೂರಿನ ಅಕ್ಕ ಕೊಟ್ಟಿದ್ದು, ಫೋಮ್ ಕುಶನ್ ಇರುವಂಥದ್ದು. ಜುಲೈಯಲ್ಲಿ ಹೊಲಿಗೆಗುಂಟ ಹಸಿರು ಬೂಷ್ಟು ಹಿಡಿಯಿತು. ಕುಶನ್ ಕಿತ್ತು ಹಾಕಿ ಬರೀ ಪ್ಲಾಸ್ಟಿಕ್ಕಿನಲ್ಲೇ ಕೂರಿಸುತ್ತಿದ್ದೇವೆ, ಅವಳಿಗೇನೂ ಬೇಜಾರಿಲ್ಲ. ಟ್ರೇ ಬಿಚ್ಚಲು ಬರುತ್ತಾ, ಸೊಂಟದ ಬೆಲ್ಟ್ ಗಟ್ಟಿ ಇದೆಯಾ, ಕಾಲಿಡಲು ಪಟ್ಟಿ ಇದೆಯಾ ನೋಡಿ. ನಮ್ಮದಕ್ಕೆ ಪಟ್ಟಿ ಇರಲಿಲ್ಲ. ಕಾಲು ಜೋತಾಡುತ್ತಿದ್ದರೆ ಮಗು ಒಂದು ಕಡೆಗೆ ವಾಲುತ್ತೆ. ಇವರು ಹಲಸಿನ ಹಲಗೆ ಚೂರೊಂದನ್ನು ಅಡ್ಡಕ್ಕೆ ಬಿಗಿದುಕೊಟ್ಟ ಮೇಲೆ ನೆಟ್ಟಗೆ ಕೂತಳು.

ಒತ್ತಿದರೆ ತಳದ ಗಾಳಿ ಹೊರಹೋಗಿ ಅಂಟುವ ಬಟ್ಟಲು ಆ ಟ್ರೇಗೆ ಚೆನ್ನಾಗಿ ಅಂಟುತ್ತೆ, ನಮ್ಮ ಹಳೇ ಮರದ ಮೇಜಿಗೆ ಇಲ್ಲ. ಎಂಟನೇ ತಿಂಗಳಲ್ಲಿ ಅಂಚಿಗೆ ಬೆರಳು ಹಾಕಿ ಎಬ್ಬಿಸುವುದನ್ನು ಕಲಿತಳು. ಈಗ ಸ್ಟೀಲ್ ಬಟ್ಟಲು.

ರುಬ್ಬುವ ಪುಟ್ಟ ಮೆಷಿನ್ ದಂಡ. ಜುಲೈಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ, ಬೆಂದ ಕುಂಬಳಕಾಯಿ ಸೌಟಿನ ಹಿಂಬದಿಯಲ್ಲೇ ನುಣ್ಣಗಾಯಿತು. ರಾಗಿ ಮೊಳಕೆ ಕಟ್ಟಿ ಒಣಗಿಸಿ ಪುಡಿ ಮಾಡುವುದನ್ನು ಮಾತ್ರ ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಜೂನ್‌ನಲ್ಲಿ ಕೂತರೆ ಮೊಳಕೆ ಬರುತ್ತೆ, ಒಣಗಲ್ಲ.

ಆ ಆರು ಬಟ್ಟೆ ಬಿಬ್‌ಗಳು ಈಗ ಟ್ರೇ ಒರೆಸಲು ಇವೆ. ಬೆಳಗ್ಗೆ ಮುಟ್ಟಿ ನೋಡಿದೆ, ನಿನ್ನೆಯದು ಇನ್ನೂ ಹಸಿ.