ಪ್ಯಾಡ್ ಮಾತ್ರ ಹೊಸದು, ಕ್ಲಿಪ್ಪು ಪಿನ್ನು ಎಲ್ಲಾ ಹಳೇದು: ಹೀಗೆ ಬ್ರೇಕ್ ಕೆಲಸ ಮಾಡಿಸ್ಕೋಬೇಡಿ

ಕಾರಿನ ಬ್ರೇಕ್ ಪ್ಯಾಡ್ ಚೇಂಜ್ ಮಾಡ್ಸೋಕೆ ಗ್ಯಾರೇಜಿಗೆ ಬಿಡೋರು ದಯವಿಟ್ಟು ಇದನ್ನ ಓದ್ಬಿಟ್ಟು ಬಿಡಿ. ಹೊಸ ಪ್ಯಾಡ್ ಹಾಕಿದ್ರೆ ಬ್ರೇಕ್ ಕೆಲಸ ಮುಗೀತು ಅಂತ ಎಷ್ಟೋ ಮೆಕ್ಯಾನಿಕ್‌ಗಳೇ ಅಂದ್ಕೊಂಡಿದಾರೆ, ಮುಗಿಯಲ್ಲ. ಪ್ಯಾಡ್ ಕೂರೋ ಸ್ಟೀಲ್ ಕ್ಲಿಪ್ಪು, ಕ್ಯಾಲಿಪರ್ (ಚಕ್ರದ ಜೊತೆ ತಿರುಗೋ ಡಿಸ್ಕಿಗೆ ಪ್ಯಾಡನ್ನ ಒತ್ತೋ ಭಾಗ) ಜಾರೋಕೆ ಇರೋ ಪಿನ್ನು, ಪಿನ್ ಮೇಲಿನ ರಬ್ಬರ್ ಬೂಟು, ಇವನ್ನ ನೋಡ್ದೇ ಬಿಟ್ರೆ ಎಷ್ಟು ಒಳ್ಳೇ ಪ್ಯಾಡ್ ಹಾಕಿದ್ರೂ ದಂಡ.

ನನಗಾಗಿದ್ದು ಹೇಳ್ತೀನಿ. ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಹಾಕ್ಸಿದ್ದೆ, ಒಳ್ಳೇ ಕಂಪನಿದೇ. ಮೊದ್ಲು ಏನೂ ಗೊತ್ತಾಗ್ಲಿಲ್ಲ, ಆಮೇಲೆ ಬ್ರೇಕ್ ಒತ್ತಿದಾಗ ಗಾಡಿ ಒಂದ್ಕಡೆಗೆ ಎಳೆಯೋಕೆ ಶುರುವಾಯ್ತು, ಎಡಗಡೆ ರಿಮ್ ಮೇಲೆ ಮಾತ್ರ ಕಪ್ಪು ಧೂಳು ಕೂರ್ತಿತ್ತು, ಗಾಡಿ ನಿಲ್ಸಿ ಇಳಿದ್ರೆ ಆ ಚಕ್ರದ ಹತ್ರ ಬಿಸಿ ಮುಖಕ್ಕೆ ಹೊಡೀತಿತ್ತು. ಅದೇ ಗ್ಯಾರೇಜಿಗೆ ವಾಪಸ್ ಹೋದೆ. "ಹೊಸ ಪ್ಯಾಡ್ ಅಲ್ವಾ ಸರ್, ಸೆಟ್ ಆಗೋಕೆ ಟೈಮ್ ಬೇಕು, ಓಡ್ಸಿ" ಅಂದ್ರು. ಹೊಸ ಪ್ಯಾಡು ಡಿಸ್ಕಿಗೆ ಹೊಂದ್ಕೊಳೋಕೆ ಸ್ವಲ್ಪ ಓಡ್ಬೇಕು ಅನ್ನೋದು ನಿಜಾನೇ, ಆದ್ರೆ ಒಂದೇ ಚಕ್ರ ಕಾಯೋದು ಸೆಟ್ ಆಗೋದಲ್ಲ, ಏನೋ ಜಾಮ್ ಆಗಿದೆ ಅಂತ ಅರ್ಥ. ಬಿಚ್ಚಿ ನೋಡೋಕೂ ಹೋಗ್ಲಿಲ್ಲ ಅವರು. ಕೊನೆಗೆ ಸುಟ್ಟ ವಾಸನೆ, ಲೋಹಕ್ಕೆ ಲೋಹ ಉಜ್ಜೋ ಸದ್ದು ಬರೋಕೆ ಶುರುವಾದ್ಮೇಲೆ ಬೇರೆ ಕಡೆ ತಗೊಂಡು ಹೋಗಿ ನನ್ನ ಎದುರಿಗೇ ಬಿಚ್ಚಿಸಿದೆ.

ಎಡಗಡೆ ಒಳಗಿನ ಪ್ಯಾಡ್ ಪೂರ್ತಿ ಸವೆದು ಹಿಂದಿನ ಕಬ್ಬಿಣದ ಪ್ಲೇಟೇ ಡಿಸ್ಕನ್ನ ಕೆರೀತಿತ್ತು. ಹೊರಗಿನದು ಹೆಚ್ಚೂಕಮ್ಮಿ ಹೊಸದರ ಥರಾನೇ ಇತ್ತು! ಯಾಕೆ ಹೀಗೆ ಅಂದ್ರೆ, ಪಿನ್ ಮೇಲೆ ಜಾರೋ ಈ ಥರದ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರೋದು ಒಳಗಿನ ಕಡೆ ಮಾತ್ರ. ಬ್ರೇಕ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನ ಡಿಸ್ಕಿಗೆ ಒತ್ತತ್ತೆ, ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಪಿನ್‌ಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನ ಎಳ್ಕೊಂಡು ಬರತ್ತೆ. ಪಿನ್ ಹಿಡ್ಕೊಂಡ್ರೆ ಕ್ಯಾಲಿಪರ್ ಜಾರಲ್ಲ, ಒಳಗಿನ ಪ್ಯಾಡ್ ಒಂದೇ ದುಡೀತಾ ಇರತ್ತೆ, ಬ್ರೇಕ್ ಬಿಟ್ಟ ಮೇಲೂ ಪೂರ್ತಿ ಸಡಿಲ ಆಗಲ್ಲ.

ಪಿನ್ ಹಿಡ್ಕೊಂಡಿದ್ದಕ್ಕೆ ಕಾರಣ ತಪ್ಪು ಗ್ರೀಸು. ಚಾಸಿಗೆ ಬೇರಿಂಗಿಗೆ ಹಾಕೋ ಮಾಮೂಲಿ ಗ್ರೀಸನ್ನೇ ಬಳ್ದಿದ್ರು. ಬ್ರೇಕಿನ ರಬ್ಬರಿಗೆ ಪೆಟ್ರೋಲಿಯಂ ಗ್ರೀಸ್ ತಾಗಿದ್ರೆ ರಬ್ಬರ್ ಊದ್ಕೊಳತ್ತೆ, ಬೂಟ್ ಊದಿ ಬಾಯಿ ಬಿಟ್ರೆ ನೀರು ಧೂಳು ಒಳಗೆ ಹೋಗತ್ತೆ, ಪಿನ್ ತುಕ್ಕು ಹಿಡಿಯತ್ತೆ. ಅಲ್ಲಿಗೆ ಬೇಕಾಗಿರೋದು ಬ್ರೇಕಿಗೆ ಅಂತಾನೇ ಬರೋ ಸಿಲಿಕೋನ್ ಅಥವಾ ಸಿಂಥೆಟಿಕ್ ಗ್ರೀಸು, ಅದೂ ತೆಳ್ಳಗೆ. ಜಾಸ್ತಿ ತುಂಬಿದ್ರೂ ಒಳಗೆ ಗಾಳಿ ಸಿಕ್ಕಿ ಪಿನ್ ವಾಪಸ್ ತಳ್ಕೊಂಡು ಬರತ್ತೆ.

ಇದಕ್ಕಿಂತ ಕೋಪ ಬಂದಿದ್ದು ಕ್ಲಿಪ್ ವಿಷಯಕ್ಕೆ. ಹಳೇ ಕ್ಲಿಪ್‌ಗಳನ್ನ ತೆಗೆದೇ ಇರ್ಲಿಲ್ಲ, ಅವುಗಳ ಅಡಿಗೆ ಬ್ರಾಕೆಟ್ (ಕ್ಲಿಪ್ಪು, ಪ್ಯಾಡು ಕೂರೋ ಕಬ್ಬಿಣದ ಚೌಕಟ್ಟು) ತುಕ್ಕು ಹಿಡಿದು ಉಬ್ಬಿ ಕ್ಲಿಪ್ಪನ್ನ ಮೇಲಕ್ಕೆತ್ತಿತ್ತು, ಹಾಗಾಗಿ ಜಾಗ ಟೈಟ್ ಆಗಿ ಹೊಸ ಪ್ಯಾಡ್ ಕೂತಿರಲ್ಲ, ಅದಕ್ಕೆ ಪ್ಯಾಡಿನ ಎರಡು ತುದೀಲಿರೋ ಕಿವಿಗಳನ್ನ ಅರದಲ್ಲಿ ಉಜ್ಜಿ ಸುತ್ತಿಗೇಲಿ ಹೊಡೆದು ಕೂರ್ಸಿದಾರೆ, ಗುರುತು ಹಾಗೇ ಇತ್ತು. ಹೊಸ ಕ್ಲಿಪ್‌ಗಳು ಪ್ಯಾಡ್ ಜೊತೆಗೇ ಬಂದಿದ್ವು, ಡಿಕ್ಕೀಲಿಟ್ಟು ಕೊಟ್ಟಿದ್ದ ಡಬ್ಬಿ ತೆಗೆದು ನೋಡಿದ್ರೆ ಸೀಲ್ ಒಡೆಯದ ಕವರ್‌ನಲ್ಲಿ ಹಾಗೇ ಬಿದ್ದಿದ್ವು. ಬ್ರಾಕೆಟ್ಟನ್ನ ವೈರ್ ಬ್ರಷ್‌ನಲ್ಲಿ ಬರೀ ಲೋಹ ಕಾಣೋವರೆಗೂ ಉಜ್ಜಿ ಹೊಸ ಕ್ಲಿಪ್ ಒತ್ತೋದು ಎಷ್ಟು ಹೊತ್ತಿನ ಕೆಲಸ ಹೇಳಿ? ಅಷ್ಟು ಮಾಡಿದ್ರೆ ಪ್ಯಾಡ್ ಕೈಯಲ್ಲೇ ಜಾರಿ ಕೂರತ್ತೆ, ಸುತ್ತಿಗೆ ಬೇಕಾಗಲ್ಲ. ಸುತ್ತಿಗೆ ತಗೊಂಡ್ರು ಅಂದ್ರೆ ಅಲ್ಲೇ ನಿಲ್ಸಿ.

ಡಿಸ್ಕೂ ಹೋಯ್ತು, ಎರಡೂ ಕಡೆ ಬದಲಾಯಿಸ್ಬೇಕಾಯ್ತು. ಖರ್ಚು ಹೋಗ್ಲಿ ಬಿಡಿ, ಅಪಾಯ ಇರೋದು ಬಿಸೀಲಿ. ಪೆಡಲ್ ಒತ್ತಿದ ಬಲಾನ ಕ್ಯಾಲಿಪರ್‌ಗೆ ಮುಟ್ಸೋ ಬ್ರೇಕ್ ಫ್ಲೂಯಿಡಲ್ಲಿ ಡಾಟ್ 4 ಅನ್ನೋ ದರ್ಜೇದು ಹೊಸದಿದ್ದಾಗ ಕುದಿಯೋ ಮಟ್ಟ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರ್ಬೇಕು, ತೇವ ಹೀರ್ಕೊಂಡ ಮೇಲೆ ಅದು 155ರ ಹತ್ರಕ್ಕೆ ಇಳಿಯಬಹುದು. ಕ್ಯಾಲಿಪರ್ ಒಂದೇ ಸಮ ಕಾದು ಫ್ಲೂಯಿಡ್ ಕುದಿದ್ರೆ ಒಳಗೆ ಆವಿ ತುಂಬತ್ತೆ, ಇಳಿಜಾರಲ್ಲಿ ಪೆಡಲ್ ಒತ್ತಿದ್ರೆ ನೆಲಕ್ಕೆ ಹೋಗತ್ತೆ, ಗಾಡಿ ನಿಲ್ಲಲ್ಲ. ಮನೆಯವರನ್ನೆಲ್ಲ ಕೂರಿಸ್ಕೊಂಡು ಓಡಾಡೋ ಗಾಡಿ ಇದು.

ಹಾಗಾಗಿ ಬಿಡೋ ಮುಂಚೇನೇ ಕೇಳಿ, ಕ್ಲಿಪ್ ಹೊಸದು ಹಾಕ್ತೀರಾ, ಪಿನ್ ತೆಗೆದು ಕ್ಲೀನ್ ಮಾಡ್ತೀರಾ, ಯಾವ ಗ್ರೀಸು ಅಂತ. ಪಿನ್ ಬೆರಳಲ್ಲಿ ತಳ್ಳಿದ್ರೆ ಸಲೀಸಾಗಿ ಹೋಗ್ಬರ್ಬೇಕು. ಗುಳಿ ಬಿದ್ದ ಪಿನ್ನನ್ನ ಸ್ಯಾಂಡ್ ಪೇಪರ್ ಹಾಕಿ ಮತ್ತೆ ಹಾಕೋಕೆ ಬಿಡ್ಬೇಡಿ, ಮೇಲಿನ ಲೇಪ ಹೋಗಿ ಬೇಗ ತುಕ್ಕು ಹಿಡಿಯತ್ತೆ. ಕೆಲವು ಗಾಡೀಲಿ ಒಂದು ಪಿನ್ನಿಗೆ ಮಾತ್ರ ತುದೀಲಿ ರಬ್ಬರ್ ತೋಳು ಇರತ್ತೆ, ಮೇಲಿಂದು ಕೆಳಗೆ ಅದಲು ಬದಲಾಗಬಾರ್ದು. ಕ್ಯಾಲಿಪರ್ ಬಿಚ್ಚಿ ಬ್ರೇಕ್ ಹೋಸಲ್ಲಿ (ಫ್ಲೂಯಿಡ್ ಬರೋ ರಬ್ಬರ್ ಪೈಪಲ್ಲಿ) ನೇತಾಡೋಕೆ ಬಿಡೋದನ್ನೂ ನೋಡಿದೀನಿ, ತಂತೀಲಿ ಕಟ್ಟಿ ಅನ್ನಿ. ಬೋಲ್ಟ್ ಟಾರ್ಕು (ಎಷ್ಟು ಬಿಗಿ ಮಾಡ್ಬೇಕು ಅನ್ನೋದು) ಗಾಡಿ ಮ್ಯಾನ್ಯುಯಲ್ ಪ್ರಕಾರ ಇರ್ಲಿ, ಕೈ ಅಂದಾಜು ಬೇಡ.

ಹಳೇ ಸಾಮಾನು ಕೇಳಿ ಇಸ್ಕೊಳ್ಳಿ, ಕ್ಲಿಪ್ ಸಮೇತ. ಗಾಡಿ ಸ್ಟಾರ್ಟ್ ಮಾಡಿ ಪೆಡಲ್ ಗಟ್ಟಿ ಆಗೋವರೆಗೂ ಒತ್ತಿ ಒತ್ತಿ ಬಿಟ್ಟೇ ಹೊರಡಿ, ಸ್ವಲ್ಪ ದೂರ ಓಡ್ಸಿ ನಿಲ್ಸಿ, ಎಡ ಬಲ ಚಕ್ರದ ಹತ್ರ ಕೈ ಹಿಡಿದು ನೋಡಿ, ಡಿಸ್ಕ್ ಮುಟ್ಬೇಡಿ ಸುಡತ್ತೆ. ಒಂದ್ಕಡೆ ಬಿಸಿ ಜಾಸ್ತಿ ಅನ್ಸಿದ್ರೆ ಮನೆಗೆ ಬರ್ಬೇಡಿ, ಅಲ್ಲೇ ತಿರುಗಿಸ್ಕೊಂಡು ಹೋಗಿ ನಿಮ್ಮೆದುರಿಗೇ ಬಿಚ್ಚಿಸಿ.