ವಾಲೆಟ್ ಅಡ್ರೆಸ್ ಎಷ್ಟು ಹಳೇದು ಅಂತ ನೋಡೋಕೆ ಈಥರ್‌ಸ್ಕ್ಯಾನ್, ಟ್ರಾನ್‌ಸ್ಕ್ಯಾನ್, ಬ್ಲಾಕ್‌ಚೇರ್: ಬಳಸಿ ನೋಡಿದ ಮೇಲಿನ ರಿವ್ಯೂ

ಯಾರಾದ್ರೂ ಒಂದು ಕ್ರಿಪ್ಟೋ ಅಡ್ರೆಸ್ ಕಳ್ಸಿ ಇದಕ್ಕೆ ದುಡ್ಡು ಹಾಕಿ ಅಂದ್ರೆ ನಾನು ಮೊದ್ಲು ನೋಡೋದು ಆ ಅಡ್ರೆಸ್ ಯಾವಾಗಿಂದ ಇದೆ ಅಂತ. ಇದಕ್ಕೆ ದುಡ್ಡು ಕೊಡೋದು ಬೇಡ, ಲಾಗಿನ್ ಬೇಡ, ಎಕ್ಸ್‌ಪ್ಲೋರರ್, ಅಂದ್ರೆ ಬ್ಲಾಕ್‌ಚೈನಲ್ಲಿ (ಎಲ್ಲಾ ವ್ಯವಹಾರ ಬರೆದಿಡೋ ಸಾರ್ವಜನಿಕ ಲೆಕ್ಕದ ಪುಸ್ತಕ) ಏನಿದೆ ಅಂತ ತೋರ್ಸೋ ಸೈಟಿಗೆ ಹೋಗಿ ಅಡ್ರೆಸ್ ಪೇಸ್ಟ್ ಮಾಡಿದ್ರೆ ಸಾಕು. ಆದ್ರೆ ಅಲ್ಲಿ ಕಾಣೋ ಡೇಟ್‌ನ ಹೇಗೆ ಓದ್ಬೇಕು ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ. ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, ಈ ಒಂದು ಕೆಲಸಕ್ಕೆ ಮಾತ್ರ: ಇಥೀರಿಯಂ ನೋಡೋ ಈಥರ್‌ಸ್ಕ್ಯಾನ್‌ಗೆ 5ಕ್ಕೆ 4, ಟ್ರಾನ್ ನೋಡೋ ಟ್ರಾನ್‌ಸ್ಕ್ಯಾನ್‌ಗೆ 4, ಬಿಟ್‌ಕಾಯಿನಿಗೆ ನಾನು ಬಳಸಿದ ಬ್ಲಾಕ್‌ಚೇರ್‌ಗೂ 4, ಮೆಂಪೂಲ್ ಡಾಟ್ ಸ್ಪೇಸ್‌ಗೆ ಎರಡೂವರೆ.

ಎಲ್ಲಕ್ಕಿಂತ ಮುಂಚೆ ಒಂದು ವಿಷಯ ತಲೇಲಿರ್ಲಿ. ಬ್ಯಾಂಕ್ ಅಕೌಂಟ್ ಆದ್ರೆ ಯಾವತ್ತು ಓಪನ್ ಆಯ್ತು ಅಂತ ಬ್ಯಾಂಕಿನ ರೆಕಾರ್ಡಲ್ಲಿ ಇರತ್ತೆ, ಇಲ್ಲಿ ಆ ತರ ಯಾರೂ ಬರ್ಕೊಳ್ಳೋರಿಲ್ಲ. ಬಿಟ್‌ಕಾಯಿನ್ ಆಗ್ಲಿ ಇಥೀರಿಯಂ ಆಗ್ಲಿ, ಅಡ್ರೆಸ್ ಅನ್ನೋದು ಪ್ರೈವೇಟ್ ಕೀಯಿಂದ (ದುಡ್ಡು ಕಳ್ಸೋಕೆ ಬೇಕಾದ ಗುಟ್ಟಿನ ನಂಬರ್) ಲೆಕ್ಕ ಹಾಕಿ ಬರೋ ಒಂದು ನಂಬರ್ ಅಷ್ಟೇ, ಇಂಟರ್‌ನೆಟ್ ಇಲ್ದೇ ಇರೋ ಹಳೇ ಲ್ಯಾಪ್‌ಟಾಪಲ್ಲೂ ಸೃಷ್ಟಿ ಮಾಡ್ಬಹುದು, ಆಗ ಬ್ಲಾಕ್‌ಚೈನಿಗೆ ಸುದ್ದೀನೇ ಹೋಗಲ್ಲ. ಮೊದಲ್ನೇ ಸಲ ಆ ಅಡ್ರೆಸ್ಸಿಗೆ ಏನಾದ್ರೂ ಬಂದಾಗ ಮಾತ್ರ ಅದು ಲೆಡ್ಜರಲ್ಲಿ ಕಾಣತ್ತೆ. ಹಾಗಾಗಿ ಯಾವ ಸೈಟೂ ನಿಮಗೆ ಅಡ್ರೆಸ್ ಹುಟ್ಟಿದ ದಿನ ಹೇಳಲ್ಲ, ಮೊದ್ಲು ಕಾಣಿಸ್ಕೊಂಡ ದಿನ ಹೇಳತ್ತೆ. ಇವೆರಡರ ಮಧ್ಯೆ ಎಷ್ಟು ಅಂತರ ಇರ್ಬಹುದು ಅಂದ್ರೆ, ಇಥೀರಿಯಂ ಕ್ರೌಡ್‌ಸೇಲಲ್ಲಿ (ನೆಟ್‌ವರ್ಕ್ ಶುರುವಾಗೋಕ್ಕಿಂತ ಮುಂಚೆ ಜನಕ್ಕೆ ಮಾರಿದ್ದು) ಅದರ ಕಾಯಿನ್ ಆದ ಈಥರ್ ತಗೊಂಡವರನ್ನೇ ನೋಡಿ. ಸೇಲ್ ನಡೆದಿದ್ದು 2014ರ ಜುಲೈ 22ರಿಂದ ಸೆಪ್ಟೆಂಬರ್ 2ರ ತನಕ, ತಗೊಂಡವರ ಅಡ್ರೆಸ್ ಆಗ್ಲೇ ರೆಡಿ ಇತ್ತು, ಆದ್ರೆ ನೆಟ್‌ವರ್ಕ್ ಶುರುವಾಗಿದ್ದು 2015ರ ಜುಲೈ 30ಕ್ಕೆ. ಈಥರ್‌ಸ್ಕ್ಯಾನ್‌ನಲ್ಲಿ ಅವ್ರೆಲ್ಲರ ಮೊದಲ್ನೇ ಎಂಟ್ರಿ ಜೆನೆಸಿಸ್ (ಚೈನಿನ ಮೊಟ್ಟಮೊದಲ ಬ್ಲಾಕ್) ಅನ್ನೋ ಹೆಸರಲ್ಲಿ 2015ರ ಆ ದಿನಾನೇ ತೋರ್ಸತ್ತೆ. ಅಂದ್ರೆ ಸುಮಾರು ಒಂದು ವರ್ಷ ಲೇಟು, ಸೈಟಿಂದು ತಪ್ಪಿಲ್ಲ, ಅದಕ್ಕಿಂತ ಹಿಂದೆ ನೋಡೋಕೆ ಚೈನೇ ಇರ್ಲಿಲ್ಲ.

ಈಗ ಈಥರ್‌ಸ್ಕ್ಯಾನ್. ಅಡ್ರೆಸ್ ಹಾಕಿದ್ರೆ ಮೇಲ್ಗಡೆ ಬ್ಯಾಲೆನ್ಸ್ ಬರತ್ತೆ, ಅದರ ಪಕ್ಕದಲ್ಲಿ ಮೋರ್ ಇನ್ಫೋ ಅಂತ ಒಂದು ಬಾಕ್ಸ್. ಅದರಲ್ಲಿ ಟ್ರಾನ್ಸಾಕ್ಷನ್ಸ್ ಸೆಂಟ್ ಅಂತ ಇದ್ದು, ಲೇಟೆಸ್ಟ್ ಇಷ್ಟು ದಿನದ ಹಿಂದೆ, ಫಸ್ಟ್ ಇಷ್ಟು ದಿನದ ಹಿಂದೆ ಅಂತ ತೋರ್ಸತ್ತೆ. ಅದರ ಕೆಳಗೇ ಫಂಡೆಡ್ ಬೈ ಅಂತ ಇನ್ನೊಂದು ಅಡ್ರೆಸ್, ಅಂದ್ರೆ ಈ ಅಡ್ರೆಸ್ಸಿಗೆ ಮೊದಲ್ನೇ ಸಲ ದುಡ್ಡು ಎಲ್ಲಿಂದ ಬಂತು ಅಂತ. ನೋಡೋಕೆ ಬಹಳ ಸುಲಭ, ಆದ್ರೆ ಸಮಸ್ಯೆ ಇರೋದೂ ಇಲ್ಲೇ. ಆ ಫಸ್ಟ್ ಅನ್ನೋದು ಮೊದಲ್ನೇ ಸಲ ದುಡ್ಡು *ಕಳ್ಸಿದ್ದು*, ಬಂದಿದ್ದಲ್ಲ. 2018ರಲ್ಲಿ ಈಥರ್ ಬಂದು ಸುಮ್ನೆ ಬಿದ್ದಿದ್ದು, 2024ರಲ್ಲಿ ಮೊದಲ್ನೇ ಸಲ ಆಚೆ ಹೋದ್ರೆ, ಫಸ್ಟ್ ಅನ್ನೋ ಜಾಗದಲ್ಲಿ 2024 ಇರತ್ತೆ. ಇದನ್ನ ನೋಡಿ ಅಡ್ರೆಸ್ ಹೊಸದು ಅಂದ್ಕೊಂಡ್ರೆ ಆರು ವರ್ಷ ತಪ್ಪಿತು. ನನ್ನ ಒಂದು ಪಾಯಿಂಟ್ ಕಟ್ ಆಗಿದ್ದು ಇದಕ್ಕೇ, ಫಸ್ಟ್ ರಿಸೀವ್ಡ್ ಅಂತ ಇನ್ನೊಂದು ಸಾಲು ಅಲ್ಲೇ ಹಾಕಿದ್ರೆ ಎಷ್ಟೋ ಜನಕ್ಕೆ ಅನುಕೂಲ.

ಸರಿಯಾಗಿ ನೋಡ್ಬೇಕು ಅಂದ್ರೆ ಫಂಡೆಡ್ ಬೈ ಪಕ್ಕದಲ್ಲಿರೋ ಟ್ರಾನ್ಸಾಕ್ಷನ್ ಒತ್ತಿ ಅದರ ಡೇಟ್ ನೋಡಿ, ಇಲ್ಲಾ ಟ್ರಾನ್ಸಾಕ್ಷನ್ ಲಿಸ್ಟಲ್ಲಿ ಕೊನೇ ಪೇಜಿಗೆ ಹೋಗಿ. ಲಿಸ್ಟಲ್ಲಿ ಏಜ್ ಅಂತ ಇರೋ ಕಾಲಮ್ ಹೆಡಿಂಗ್ ಮೇಲೆ ಕ್ಲಿಕ್ ಮಾಡಿದ್ರೆ ಅದು ಪೂರ್ತಿ ಡೇಟ್ ಟೈಮ್ ಆಗಿ ಬದಲಾಗತ್ತೆ, ಅದು ಯುಟಿಸಿ (ಜಗತ್ತಿನ ಸ್ಟ್ಯಾಂಡರ್ಡ್ ಟೈಮ್), ನಮ್ಮ ಟೈಮ್ ಬೇಕು ಅಂದ್ರೆ ಅದಕ್ಕೆ ಐದೂವರೆ ಗಂಟೆ ಸೇರ್ಸ್ಕೋಬೇಕು. ಅಲ್ಲಿಗೇ ನಿಲ್ಲಿಸ್ಬೇಡಿ, ಪಕ್ಕದಲ್ಲಿ ಇಂಟರ್ನಲ್ ಟ್ರಾನ್ಸಾಕ್ಷನ್ಸ್, ಟೋಕನ್ ಟ್ರಾನ್ಸ್‌ಫರ್ಸ್ ಅಂತ ಬೇರೆ ಟ್ಯಾಬ್ ಇವೆ, ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಬಂದಿದ್ದು ಮಾಮೂಲಿ ಲಿಸ್ಟಲ್ಲಿ ಕಾಣಲ್ಲ, ಟೋಕನ್ ಟ್ಯಾಬಲ್ಲಿ ಇರತ್ತೆ, ಕಾಂಟ್ರಾಕ್ಟ್ (ಚೈನಲ್ಲೇ ಓಡೋ ಪ್ರೋಗ್ರಾಂ) ಮೂಲಕ ಬಂದ ಈಥರ್ ಇಂಟರ್ನಲ್ ಟ್ಯಾಬಲ್ಲಿ ಇರತ್ತೆ. ಮೂರೂ ನೋಡಿ ಅದರಲ್ಲಿ ಯಾವ್ದು ಹಳೇದೋ ಅದನ್ನ ತಗೋಬೇಕು. ಕೋಡ್ ಬರೀಯೋಕೆ ಬರೋರಿಗೆ ಇನ್ನೂ ಸುಲಭ, ಅವ್ರ ಎಪಿಐಲಿ ಅಸೆಂಡಿಂಗ್ ಸಾರ್ಟ್ ಹಾಕಿ ಒಂದೇ ರೆಕಾರ್ಡ್ ಕೇಳಿದ್ರೆ ಮೊದಲ್ನೇದು ಬಂದ್ಬಿಡತ್ತೆ.

ಇನ್ನೊಂದು ವಿಷಯ, ಸೊನ್ನೆ ಎಕ್ಸ್‌ನಿಂದ ಶುರುವಾಗೋ ಅಡ್ರೆಸ್ ಇಥೀರಿಯಂನಲ್ಲಿ ಮಾತ್ರ ಅಲ್ಲ, ಪಾಲಿಗಾನ್, ಬಿಎನ್‌ಬಿ ಚೈನ್, ಬೇಸ್, ಆರ್ಬಿಟ್ರಮ್ ತರದ ಬೇರೆ ಚೈನುಗಳಲ್ಲೂ ಅದೇ ಅಡ್ರೆಸ್. ನಮ್ಮಲ್ಲಿ ಫೀಸ್ ಕಮ್ಮಿ ಅಂತ ಪಾಲಿಗಾನಲ್ಲೇ ಶುರು ಮಾಡಿದ ಹುಡುಗ್ರು ಎಷ್ಟೋ ಜನ, ಅವ್ರ ಅಡ್ರೆಸ್ ಈಥರ್‌ಸ್ಕ್ಯಾನಲ್ಲಿ ನೋಡಿದ್ರೆ ಖಾಲಿ ಇಲ್ಲಾ ಮೊನ್ನೆ ಮೊನ್ನೆ ಬಂದಿದ್ದು ಅನ್ಸತ್ತೆ, ಪಾಲಿಗಾನ್‌ಸ್ಕ್ಯಾನಲ್ಲಿ ವರ್ಷಗಟ್ಟಲೆ ಹಿಸ್ಟರಿ ಇರತ್ತೆ. ಅದೇ ಟೀಮಿನವ್ರದ್ದು ಬ್ಲಾಕ್‌ಸ್ಕ್ಯಾನ್ ಅಂತ ಒಂದು ಸೈಟ್ ಇದೆ, ಅಲ್ಲಿ ಒಂದ್ಸಲ ಹಾಕಿದ್ರೆ ಯಾವ್ಯಾವ ಚೈನಲ್ಲಿ ಈ ಅಡ್ರೆಸ್ ಓಡಾಡಿದೆ ಅಂತ ಗೊತ್ತಾಗತ್ತೆ. ನಾನಂತೂ ಅಲ್ಲಿಂದಾನೇ ಶುರು ಮಾಡೋದು.

ಕಾಂಟ್ರಾಕ್ಟ್ ಅಡ್ರೆಸ್ ಆಗಿದ್ರೆ ಕಥೆ ಬೇರೆ, ಅಲ್ಲಿ ಸೃಷ್ಟಿ ಆದ ದಿನ ನಿಜವಾಗ್ಲೂ ಚೈನಲ್ಲೇ ಇರತ್ತೆ, ಯಾಕಂದ್ರೆ ಡಿಪ್ಲಾಯ್ ಮಾಡೋದೇ (ಚೈನಿಗೆ ಏರ್ಸೋದು) ಒಂದು ಟ್ರಾನ್ಸಾಕ್ಷನ್. ಮೋರ್ ಇನ್ಫೋ ಬಾಕ್ಸಲ್ಲೇ ಕಾಂಟ್ರಾಕ್ಟ್ ಕ್ರಿಯೇಟರ್ ಅಂತ ಬರತ್ತೆ. ಟ್ರೈ ಮಾಡಿ ನೋಡೋಕೆ ಇಥೀರಿಯಂ ಸ್ಟೇಕಿಂಗ್‌ನ (ನೆಟ್‌ವರ್ಕ್ ನಡೆಸೋಕೆ ಈಥರ್ ಒತ್ತೆ ಇಡೋದು) ಡೆಪಾಸಿಟ್ ಕಾಂಟ್ರಾಕ್ಟ್ ಒಳ್ಳೇದು: ಎಲ್ಲರಿಗೂ ಹೇಳಿದ್ದು 2020ರ ನವೆಂಬರ್ 4ಕ್ಕೆ, ಆದ್ರೆ ಚೈನಲ್ಲಿ ಅದು ಅಕ್ಟೋಬರ್ 14ಕ್ಕೇ ಕೂತಿತ್ತು. ಅನೌನ್ಸ್ ಮಾಡಿದ ಡೇಟಿಗಿಂತ ಎಕ್ಸ್‌ಪ್ಲೋರರ್ ಡೇಟ್ ಗಟ್ಟಿ ಅನ್ನೋದಕ್ಕೆ ಇದೇ ಸಾಕ್ಷಿ.

ಟ್ರಾನ್‌ಸ್ಕ್ಯಾನ್ ಬಗ್ಗೆ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಟೆಲಿಗ್ರಾಮಲ್ಲಿ ಟಾಸ್ಕ್ ಮಾಡಿ ದುಡ್ಡು ಮಾಡಿ ಅನ್ನೋರು ಕೊಡೋ ಅಡ್ರೆಸ್ ನಾನು ನೋಡಿದ ಹಾಗೆ ಹೆಚ್ಚಾಗಿ ಟಿ ಅಕ್ಷರದಿಂದ ಶುರುವಾಗೋ ಟ್ರಾನ್ ಅಡ್ರೆಸ್ಸೇ. ನಮ್ಮ ಚಿಕ್ಕಪ್ಪನ ಮಗ ಒಬ್ಬ ಹಿಂಗೇ ಒಂದು ಗ್ರೂಪಿಗೆ ಸೇರಿದ್ದ, "ಅಣ್ಣಾ, ಕಂಪನಿ 2018ರಿಂದ ಇದೆಯಂತೆ, ಇದೇ ಅವ್ರ ಮೇನ್ ವಾಲೆಟ್ ಅಂತೆ, ಹಾಕ್ಲಾ?" ಅಂತ ಅಡ್ರೆಸ್ ಕಳ್ಸಿದ. ಟ್ರಾನ್‌ಸ್ಕ್ಯಾನಲ್ಲಿ ಹಾಕಿದ್ರೆ ಅಕೌಂಟ್ ಆಕ್ಟಿವೇಟ್ ಆಗಿದ್ದು ಅದೇ ವಾರ, ಒಳಗೆ ಬಂದ ಯುಎಸ್‌ಡಿಟಿ ಎಲ್ಲಾ ಸ್ವಲ್ಪ ಹೊತ್ತಲ್ಲೇ ಇನ್ನೊಂದು ಅಡ್ರೆಸ್ಸಿಗೆ ಖಾಲಿ. ಸ್ಕ್ರೀನ್‌ಶಾಟ್ ಕಳ್ಸಿ "ಒಂದು ರೂಪಾಯಿನೂ ಹಾಕ್ಬೇಡ ಕಣೋ" ಅಂದೆ, ಹಾಕ್ಲಿಲ್ಲ. ಇಲ್ಲಿ ಟ್ರಾನ್‌ದು ಒಂದು ಅನುಕೂಲ ಏನಂದ್ರೆ ಆ ನೆಟ್‌ವರ್ಕಲ್ಲಿ ಅಕೌಂಟ್ ಆಕ್ಟಿವೇಟ್ ಆಗ್ಲೇಬೇಕು, ಮೊದಲ್ನೇ ಸಲ ಟಿಆರ್‌ಎಕ್ಸ್ (ಟ್ರಾನ್‌ನ ಸ್ವಂತ ಕಾಯಿನ್) ಬಂದಾಗ ಆಕ್ಟಿವೇಟ್ ಆಗತ್ತೆ, ಆ ಟೈಮ್ ಚೈನಲ್ಲೇ ಸೇವ್ ಆಗತ್ತೆ, ಟ್ರಾನ್‌ಸ್ಕ್ಯಾನ್ ಅದನ್ನ ನೇರವಾಗಿ ತೋರ್ಸತ್ತೆ. ಹುಡುಕೋ ಕಷ್ಟ ಇಲ್ಲ. ಆದ್ರೆ ಯುಎಸ್‌ಡಿಟಿ ಬಂದ್ರೆ ಮಾತ್ರ ಅಕೌಂಟ್ ಆಕ್ಟಿವೇಟ್ ಆಗಲ್ಲ, ಅದು ಕಾಂಟ್ರಾಕ್ಟಿನ ಲೆಕ್ಕದಲ್ಲಿ ಇರತ್ತೆ, ಹಾಗಾಗಿ ಆಕ್ಟಿವೇಟ್ ಆಗೋಕ್ಕಿಂತ ಮುಂಚೇನೇ ದುಡ್ಡು ಬಂದಿರೋ ಅಡ್ರೆಸ್ ಸಿಗ್ತವೆ. ಆಚೆ ಕಳಿಸ್ಬೇಕು ಅಂದಾಗ ಆಕ್ಟಿವೇಟ್ ಮಾಡ್ಲೇಬೇಕು. ಟ್ರಾನ್ಸ್‌ಫರ್ ಲಿಸ್ಟ್ ಕೂಡ ಒಂದ್ಸಲ ಕೆಳಗಿನ ತನಕ ನೋಡಿ ಅಂತ ಹೇಳೋದು ಇದಕ್ಕೇ. ಸೈಟಲ್ಲಿ ಆ್ಯಡ್, ಪಾಪ್‌ಅಪ್ ಕಾಟ ಸ್ವಲ್ಪ ಇದೆ, ಒಂದು ಪಾಯಿಂಟ್ ಅದಕ್ಕೆ ಹೋಯ್ತು. ಎಕ್ಸ್‌ಆರ್‌ಪಿದೂ ಹೆಚ್ಚುಕಮ್ಮಿ ಇದೇ ತರ, ಅಲ್ಲೂ ರಿಸರ್ವ್ ಅಂತ ಒಂದು ಕನಿಷ್ಠ ಮೊತ್ತ ಹಾಕಿ ಅಕೌಂಟ್ ಆಕ್ಟಿವೇಟ್ ಮಾಡ್ಬೇಕು, ಅದು 10 ಎಕ್ಸ್‌ಆರ್‌ಪಿ ಇದ್ದಿದ್ದು 2024ರ ಡಿಸೆಂಬರಿಂದ 1ಕ್ಕೆ ಇಳಿದಿದೆ.

ಬಿಟ್‌ಕಾಯಿನಿಗೆ ನಂಗೆ ಮೆಂಪೂಲ್ ಸೈಟ್ ಅಂದ್ರೆ ಇಷ್ಟ, ಓಪನ್ ಸೋರ್ಸ್, ನೀಟಾಗಿದೆ, ಫೀಸ್ ನೋಡೋಕೆ ದಿನಾ ಅದೇ. ಆದ್ರೆ ಅಡ್ರೆಸ್ ವಯಸ್ಸು ನೋಡೋಕೆ ಅದು ಹೇಳಿ ಮಾಡಿಸಿದ್ದಲ್ಲ, ಹೊಸದು ಮೇಲೆ ಬರತ್ತೆ, ಕೆಳಗೆ ಸ್ಕ್ರೋಲ್ ಮಾಡ್ತಾನೇ ಇರ್ಬೇಕು. ಬಿಟ್‌ಕಾಯಿನ್ ಸೃಷ್ಟಿ ಮಾಡಿದ ಸತೋಷಿಯ ಜೆನೆಸಿಸ್ ಅಡ್ರೆಸ್ ಹಾಕಿ ನೋಡಿ ಗೊತ್ತಾಗತ್ತೆ. ಅದರ ಮೊದಲ್ನೇ ಎಂಟ್ರಿ 2009ರ ಜನವರಿ 3, ಯುಟಿಸಿ 18:15, ಅಂದ್ರೆ ನಮ್ಮಲ್ಲಿ ರಾತ್ರಿ 11:45. ಆದ್ರೆ ಇವತ್ತಿಗೂ ಜನ ಭಕ್ತಿಯಿಂದ ಅದಕ್ಕೆ ಚಿಲ್ಲರೆ ಕಳಿಸ್ತಾನೇ ಇರ್ತಾರೆ, 2024ರ ಜನವರಿಯಲ್ಲಂತೂ ಯಾರೋ ಹೆಚ್ಚುಕಮ್ಮಿ 27 ಬಿಟ್‌ಕಾಯಿನ್ ಕಳ್ಸಿದ್ರು, ಹಾಗಾಗಿ 2009ಕ್ಕೆ ತಲುಪೋ ಹೊತ್ತಿಗೆ ಬೆರಳು ನೋವು ಬರತ್ತೆ. ಬ್ಲಾಕ್‌ಚೇರಲ್ಲಿ ಮೊದ್ಲು ಬಂದಿದ್ದು ಯಾವಾಗ, ಮೊದ್ಲು ಖರ್ಚಾಗಿದ್ದು ಯಾವಾಗ ಅಂತ ಎರಡೂ ಬೇರೆ ಬೇರೆ ಲೆಕ್ಕ ಇಟ್ಟಿದಾರೆ, ನಾನು ಈಥರ್‌ಸ್ಕ್ಯಾನಿಂದ ಬಯಸೋದು ಇದನ್ನೇ. ಬಿಟ್‌ಕಾಯಿನ್ ಬ್ಲಾಕಿನ ಟೈಮ್ ಮೈನರ್ (ಆ ಬ್ಲಾಕ್ ಮಾಡಿದವರು) ಹಾಕೋದು, ರೂಲಿನ ಪ್ರಕಾರ ಎರಡು ಗಂಟೆ ಮುಂದಿನ ತನಕ ಇದ್ರೂ ನಡೆಯತ್ತೆ, ಆದ್ದರಿಂದ ದಿನ ನಂಬಿ, ನಿಮಿಷದ ಲೆಕ್ಕಕ್ಕೆ ಜಗಳ ಬೇಡ.

ಬಿಟ್‌ಕಾಯಿನಲ್ಲಿ ಅಡ್ರೆಸ್ ನೋಡಿದ ತಕ್ಷಣ ಸ್ವಲ್ಪ ಅಂದಾಜು ಸಿಗತ್ತೆ, ಇದು ನಂಗೆ ತುಂಬಾ ಇಷ್ಟವಾದ ವಿಷಯ. 1ರಿಂದ ಶುರುವಾದ್ರೆ ಯಾವ ಕಾಲದ್ದೂ ಆಗಿರ್ಬಹುದು. 3ರಿಂದ ಶುರುವಾಗೋ ತರದ್ದು ಜಾರಿಗೆ ಬಂದಿದ್ದು 2012ರ ಏಪ್ರಿಲಲ್ಲಿ. ಬಿಸಿ1ಕ್ಯೂ ಅಂತ ಇದ್ರೆ ಸೆಗ್‌ವಿಟ್ ಅನ್ನೋ ಅಪ್‌ಗ್ರೇಡಿನದು, ಅದು ಬಂದಿದ್ದು 2017ರ ಆಗಸ್ಟ್. ಬಿಸಿ1ಪಿ ಇದ್ರೆ ಟ್ಯಾಪ್‌ರೂಟ್ ಅಪ್‌ಗ್ರೇಡಿನದು, 2021ರ ನವೆಂಬರ್. ಯಾರಾದ್ರೂ ಬಿಸಿ1ಪಿ ಅಡ್ರೆಸ್ ತೋರ್ಸಿ ಇದು ನನ್ನ 2013ರ ವಾಲೆಟ್ ಅಂದ್ರೆ ಎಕ್ಸ್‌ಪ್ಲೋರರ್ ಓಪನ್ ಮಾಡೋದೇ ಬೇಡ, ಅದೇ ಸೀಡಿಂದ (ವಾಲೆಟ್ಟಿನ ಗುಟ್ಟಿನ ಪದಗಳು) ಆಮೇಲೆ ತೆಗೆದ ಅಡ್ರೆಸ್ ಆಗಿದ್ರೂ ಆ ಅಡ್ರೆಸ್ ಅಂತೂ 2013ರದ್ದಲ್ಲ.

ಹೊಸ ಅಡ್ರೆಸ್ ಅಂದ್ರೆ ಮೋಸ ಅಂತ ಮಾತ್ರ ಅಂದ್ಕೋಬೇಡಿ. ಬಿಟ್‌ಕಾಯಿನ್ ವಾಲೆಟ್‌ಗಳು ಪ್ರತಿ ಸಲ ದುಡ್ಡು ತಗೊಳ್ಳೋಕೆ ಹೊಸ ಅಡ್ರೆಸ್ ಕೊಡ್ತವೆ, ಪ್ರೈವೆಸಿಗೆ ಅದೇ ಸರಿ, ಎಕ್ಸ್‌ಚೇಂಜ್‌ನವ್ರು ಕೊಡೋ ಡೆಪಾಸಿಟ್ ಅಡ್ರೆಸ್ಸೂ ನಿಮಗೋಸ್ಕರ ಹೊಸದಾಗೇ ಇರತ್ತೆ. ಹಳೇದು ಅಂದ್ರೆ ಒಳ್ಳೇದು ಅಂತಾನೂ ಅಲ್ಲ, ಪ್ರೈವೇಟ್ ಕೀ ಕೈ ಬದಲಾದ್ರೆ ಹಿಸ್ಟರಿನೂ ಜೊತೇಲೇ ಹೋಗತ್ತೆ. ನೋಡ್ಬೇಕಾದ್ದು ಅವ್ರು ಹೇಳೋ ಮಾತಿಗೂ ಡೇಟಿಗೂ ಹೊಂದತ್ತಾ ಅಂತ. ಆರು ವರ್ಷದ ಕಂಪನಿಯ ಮೇನ್ ವಾಲೆಟ್ ಹೋದ ವಾರ ಹುಟ್ಟೋಕಾಗಲ್ಲ. ಅದೇ ತರ ನೀವು ವರ್ಷಗಳಿಂದ ಕಳಿಸ್ತಿರೋ ಅಡ್ರೆಸ್ ಇದ್ದಕ್ಕಿದ್ದ ಹಾಗೆ ಇವತ್ತು ಬೆಳಿಗ್ಗೆದು ಅಂತ ತೋರ್ಸಿದ್ರೆ ತಕ್ಷಣ ನಿಲ್ಲಿಸಿ, ಅದು ಅಡ್ರೆಸ್ ಪಾಯ್ಸನಿಂಗ್, ಮೊದಲ ನಾಲ್ಕಕ್ಷರ ಕೊನೇ ನಾಲ್ಕಕ್ಷರ ಒಂದೇ ತರ ಇರೋ ಅಡ್ರೆಸ್ ಮಾಡಿ ನಿಮ್ಮ ಹಿಸ್ಟರಿ ಒಳಗೆ ತೂರ್ಸಿರ್ತಾರೆ, ನೀವು ಅಲ್ಲಿಂದ ಕಾಪಿ ಮಾಡ್ತೀರ ಅಂತ. 2024ರ ಮೇ ತಿಂಗಳಲ್ಲಿ ಒಬ್ರು ಹಿಂಗೇ 1,155 ವ್ರ್ಯಾಪ್ಡ್ ಬಿಟ್‌ಕಾಯಿನ್ (ಇಥೀರಿಯಂನಲ್ಲಿ ಓಡೋ, ಬಿಟ್‌ಕಾಯಿನ್ ಬೆಲೆಯ ಟೋಕನ್) ಕಳ್ಕೊಂಡ್ರು, ಆಗಿನ ರೇಟಲ್ಲಿ ಸುಮಾರು 6.8 ಕೋಟಿ ಡಾಲರ್, ಅದೃಷ್ಟಕ್ಕೆ ಬಹುಪಾಲು ವಾಪಸ್ ಬಂತು, ಎಲ್ಲರಿಗೂ ಹಾಗಾಗಲ್ಲ. ಈಥರ್‌ಸ್ಕ್ಯಾನ್ 2023ರಿಂದ ಇಂಥ ಮೋಸಕ್ಕೆ ಬಳಸೋ ಸೊನ್ನೆ ಮೊತ್ತದ ಟೋಕನ್ ಟ್ರಾನ್ಸ್‌ಫರ್‌ನ ತಾನೇ ಮರೆ ಮಾಡತ್ತೆ, ಅದಕ್ಕೆ ನನ್ನ ಕಡೆಯಿಂದ ದೊಡ್ಡ ಥ್ಯಾಂಕ್ಸ್.

ವಾಲೆಟ್ ವಯಸ್ಸು ಹೇಳ್ತೀವಿ ಅಂತ ಗೂಗಲ್ಲಲ್ಲಿ ಸಿಗೋ ಬೇರೆ ಸೈಟ್‌ಗಳ ಬಗ್ಗೆ ಹುಷಾರು. ಅಡ್ರೆಸ್ ಬಿಟ್ಟು ಇನ್ನೇನೂ ಬೇಕಾಗಿಲ್ಲ ಈ ಕೆಲಸಕ್ಕೆ, ವಾಲೆಟ್ ಕನೆಕ್ಟ್ ಮಾಡಿ ಅಂದ್ರೆ ಟ್ಯಾಬ್ ಕ್ಲೋಸ್ ಮಾಡಿ, ಸೀಡ್ ಫ್ರೇಸ್ ಕೇಳಿದ್ರೆ ಅದು ಕಳ್ಳರದ್ದೇ. ಮೊನೆರೋ ಅನ್ನೋ ಪ್ರೈವೆಸಿ ಕಾಯಿನ್ನಿನ ಅಡ್ರೆಸ್ ವಯಸ್ಸು ಹೇಳ್ತೀವಿ ಅಂದ್ರೂ ಸುಳ್ಳು, ಅಲ್ಲಿ ಅಡ್ರೆಸ್ಸುಗಳು ಚೈನಲ್ಲಿ ಕಾಣೋದೇ ಇಲ್ಲ. ದುಡ್ಡು ಹೋಗಿಯೇ ಬಿಟ್ಟಿದ್ರೆ ತಡ ಮಾಡ್ದೇ ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಕಂಪ್ಲೇಂಟ್ ಕೊಡುವಾಗ ಅಡ್ರೆಸ್, ಟ್ರಾನ್ಸಾಕ್ಷನ್ ಹ್ಯಾಶ್, ಮೊದ್ಲು ಕಾಣಿಸ್ಕೊಂಡ ಡೇಟ್, ಫಂಡೆಡ್ ಬೈ ಅಡ್ರೆಸ್ ನಾಲ್ಕೂ ಬರ್ದು ಕೊಡಿ.

ಕೊನೇದಾಗಿ ಟ್ಯಾಕ್ಸ್ ಕಟ್ಟೋರಿಗೆ. ಐಟಿಆರ್‌ನ ವಿಡಿಎ (ಕ್ರಿಪ್ಟೋ ತರದ ಡಿಜಿಟಲ್ ಆಸ್ತಿ) ಶೆಡ್ಯೂಲಲ್ಲಿ ತಗೊಂಡ ಡೇಟ್, ಮಾರಿದ ಡೇಟ್ ಎರಡೂ ಕೇಳ್ತಾರೆ, ಹಳೇ ವಾಲೆಟ್ ಇರೋರಿಗೆ ನೆನಪಿರಲ್ಲ, ಆಗ ಈಥರ್‌ಸ್ಕ್ಯಾನಿನ ಸಿಎಸ್‌ವಿ ಡೌನ್‌ಲೋಡ್ ತುಂಬಾ ಉಪಯೋಗ. ಅದರಲ್ಲಿರೋದೂ ಯುಟಿಸಿ ಟೈಮೇ. ಮಾರ್ಚ್ 31ಕ್ಕೆ ಯುಟಿಸಿ 18:30 ಆದ ಮೇಲಿನ ಟ್ರಾನ್ಸಾಕ್ಷನ್ ನಮ್ಮ ಗಡಿಯಾರದಲ್ಲಿ ಏಪ್ರಿಲ್ 1, ಅಂದ್ರೆ ಮುಂದಿನ ಹಣಕಾಸು ವರ್ಷ, ಫೈಲನ್ನ ಸಿಎ ಅವ್ರಿಗೆ ಕೊಡೋಕ್ಕಿಂತ ಮುಂಚೆ ಆ ಸಾಲುಗಳನ್ನ ಒಂದ್ಸಲ ನೋಡ್ಕೊಳ್ಳಿ.