ಚನ್ನಪಟ್ಟಣದ ಅರಗು, ಬೀದರಿನ ಬಿದ್ರಿ, ಟೆರಾಕೋಟಾ: ದಿನಾ ಹಾಕಲು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚನ್ನಪಟ್ಟಣಕ್ಕೆ. ಒಂದು ವರ್ಷದಲ್ಲಿ ಮೂರು ಥರದ ಕೈಕೆಲಸದ ಒಡವೆ ಕೊಂಡೆ. ಅರಗಿನ ಬಣ್ಣ ಹಿಡಿಸಿದ ಚನ್ನಪಟ್ಟಣದ ಮರದ ಬಳೆ ಮತ್ತು ಜುಮುಕಿ, ಲೋಹದ ಬಿದ್ರಿ ಓಲೆ, ಸುಟ್ಟ ಮಣ್ಣಿನ ಟೆರಾಕೋಟಾ ಸೆಟ್ಟು. ಈಗ ದಿನಾ ಕಿವಿಯಲ್ಲಿರುವುದು ಆ ಜುಮುಕಿಯೇ.

ಆದರೆ ಮೊದಲು ಕೈಕೊಟ್ಟಿದ್ದೂ ಚನ್ನಪಟ್ಟಣದ್ದೇ. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ನೋಟು ಎಣಿಸಿ ಎಣಿಸಿ ಕೈ ಕೊಳೆಯಾಗುತ್ತದೆ, ಗಂಟೆಗೊಂದು ಸಲ ಸ್ಯಾನಿಟೈಸರ್ ಬೇಕೇ ಬೇಕು. 300 ರೂಪಾಯಿಗೆ ಆರು ಬಳೆ ತಂದಿದ್ದೆ, ಹಳದಿ ಮೂರು, ಕೆಂಪು ಮೂರು. ಮೂರನೇ ದಿನಕ್ಕೆ ಬಳೆಗಳು ಒಂದಕ್ಕೊಂದು ಅಂಟಿಕೊಂಡವು. ಬಿಡಿಸಿದರೆ ಪಟ್ ಅನ್ನುವ ಸದ್ದು. ಹೊಳಪೆಲ್ಲ ಹೋಗಿ ಮೇಲೆ ನನ್ನದೇ ಬೆರಳಚ್ಚು. ಮಣಿಕಟ್ಟಿನ ಸುತ್ತ ಹಳದಿ ಗೆರೆ. ಸುಮ್ನೆ ಪೇಂಟ್ ಬಳಿದು ಮಾರಿದ್ದಾರೆ ಎಂದು ತುಂಬಾ ಸಿಟ್ಟು ಬಂತು.

ಭಾನುವಾರ ರೈಲು ಹತ್ತಿ ಚನ್ನಪಟ್ಟಣಕ್ಕೇ ಹೋದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ಅಷ್ಟೆ. ಅಲ್ಲೊಬ್ಬರು ಹೆಂಗಸು ಲೇತ್ ಮುಂದೆ ಕೂತು ಬಳೆ ಮಾಡುತ್ತಿದ್ದರು. ಗಿರ್ರನೆ ತಿರುಗುವ ಆಲೆ ಮರದ ಬಳೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಬ್ರಷ್ಷೂ ಇಲ್ಲ, ಪೇಂಟೂ ಇಲ್ಲ. ಆಮೇಲೆ ತಾಳೆಗರಿಯ ತುಂಡು ಒತ್ತಿದರು ನೋಡಿ, ಕಣ್ಣೆದುರೇ ಕನ್ನಡಿಯಂಥ ಹೊಳಪು!

ನನ್ನ ಬಳೆ ತೋರಿಸಿದೆ. ಮೂಸಿ ನೋಡಿ, "ಸ್ಯಾನಿಟೈಸರ್ ಹಾಕ್ತೀರೇನಮ್ಮಾ?" ಅಂದರು. ಅರಗು ನೀರಿಗೆ ಕರಗುವುದಿಲ್ಲ, ಸ್ಯಾನಿಟೈಸರಿನಲ್ಲಿರುವ ಸ್ಪಿರಿಟ್ಟಿಗೆ ಕರಗುತ್ತದೆ. ನನ್ನ ಬಳೆಯ ಬಣ್ಣ ಅಪ್ಪಟ ಅರಗಿನದಾದ್ದರಿಂದಲೇ ಅಂಟಾಗಿತ್ತು. ಆರನ್ನೂ ಮತ್ತೆ ಲೇತಿಗೆ ಏರಿಸಿ, ಹೊಸ ಅರಗು ಹಿಡಿಸಿ, ಹೊಸದರಂತೆ ಮಾಡಿ ಕೊಟ್ಟರು. ದುಡ್ಡು ಬೇಡ ಅಂದರು. ಪ್ಲಾಸ್ಟಿಕ್ ಬಳೆಗೆ ಯಾರಾದರೂ ಹೀಗೆ ಮಾಡಿಕೊಡುತ್ತಾರಾ? ಅಗ್ಗದ ಪ್ಲಾಸ್ಟಿಕ್ ಆಟಿಕೆ ಬಂದು ಈ ಊರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಬಳೆ, ಓಲೆ, ಮಣಿಸರಗಳು ಈ ಕೈಗಳಿಗೆ ಮತ್ತೆ ಕೆಲಸ ಕೊಡುತ್ತಿವೆ ಎನ್ನುವುದೇ ನನಗೆ ಖುಷಿ. 250 ರೂಪಾಯಿ ಕೊಟ್ಟು ಜುಮುಕಿ ತಂದದ್ದು ಅವತ್ತೇ.

ಬಿದ್ರಿ ಚಂದದಲ್ಲಿ ಎಲ್ಲಕ್ಕಿಂತ ಮೇಲು. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗಿನಿಂದ ನನಗೆ ಅದರ ಆಸೆ. ಸತು, ತಾಮ್ರ ಬೆರೆಸಿದ ಎರಕದಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಬೀದರ್ ಕೋಟೆಯ ಮಣ್ಣು, ನವಸಾಗರ ಎನ್ನುವ ಉಪ್ಪು ಕಲಸಿದ ನೀರಿಗೆ ಹಾಕಿದರೆ ಲೋಹವೆಲ್ಲ ಕಪ್ಪು, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ. ನನ್ನ ಓಲೆಗೆ 1,400 ರೂಪಾಯಿ. ತೊಂದರೆ ಭಾರದ್ದು. ಮಧ್ಯಾಹ್ನದ ಹೊತ್ತಿಗೆ ಕಿವಿ ಜಗ್ಗಿ ನೋಯುತ್ತದೆ. ಮದುವೆ ಮನೆಗೆ, ಎರಡು ಮೂರು ಗಂಟೆಗೆ ಸರಿ.

ಟೆರಾಕೋಟಾ ಸೆಟ್ಟಿನ ಒಂದು ಜುಮುಕಿ ಬಚ್ಚಲಮನೆಯ ನೆಲಕ್ಕೆ ಬಿದ್ದು ಎರಡಾಯಿತು.

ತಿಂಗಳಿಗೆ ಒಡವೆಗೆ ಅಂತ ನಾನು ಎತ್ತಿಡುವುದು 300 ರೂಪಾಯಿ. ಬಸ್ಸಿನಲ್ಲಿ ನಿಂತು ಹೋಗುತ್ತೇನೆ, ಹಗುರ ಇದ್ದಷ್ಟೂ ಒಳ್ಳೆಯದು. ಹಾಗಾಗಿ ಕಿವಿಗೆ ಚನ್ನಪಟ್ಟಣದ ಜುಮುಕಿಯೇ ಸೈ. ಬಳೆಗಳು ರಜೆ ದಿನಕ್ಕೆ. ಸೆಂಟಿನಲ್ಲೂ ಸ್ಪಿರಿಟ್ ಇರುತ್ತದೆ, ಹಾಗಾಗಿ ಸೆಂಟ್ ಹಾಕುವವರಾದರೆ ಮೊದಲು ಸೆಂಟ್ ಹಾಕಿ, ಅದು ಪೂರ್ತಿ ಆರಿದ ಮೇಲೆ ಜುಮುಕಿ ಸಿಕ್ಕಿಸಿಕೊಳ್ಳಿ.